ಹುಲಿಗೆಮ್ಮ ಸಾಯಕೂಡದು

ಹುಲಿಗೆಮ್ಮ ಸಾಯಕೂಡದು. ಇದು ಸರಕಾರದ ಅಪ್ಪಣೆ. ಕಾಗದದ ಮೇಲೆ ಬರೆದು ಮುದ್ರೆ ಒತ್ತಿರಲಿಲ್ಲ, ಅಷ್ಟೆ. ದೇವದುರ್ಗದಿಂದ ಬಂದ ತನಿಖಾಧಿಕಾರಿ ಉದಯಕುಮಾರ ಸಾಹೇಬರು ಹದ್ದಿನಗುಡ್ಡದ ಮೇಲೆ ನಿಂತು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ದೊಡ್ಡಿಯ ಮಂದಿಗೆಲ್ಲ ಕೇಳುವಂತೆ ಹೇಳಿ ಹೋಗಿದ್ದರು. ಅಂದಿನಿಂದ ಆ ಮಂದಿಯ ನೆಲ, ಸೀತಾಫಲದ ಗಿಡ, ಈಚಲ ಪೊದೆ, ಹಳ್ಳದ ನೀರು ಎಲ್ಲವೂ ಒಬ್ಬ ಮುದುಕಿಯ ಉಸಿರಿಗೆ ಜೋತುಬಿದ್ದವು.

ಯಾಕೆ ಎಂದು ತಿಳಿಯಬೇಕಾದರೆ ಮೊದಲು ಗುಡ್ಡದ ಸುದ್ದಿ ಕೇಳಬೇಕು. ಮಸರಕಲ್ ದಾಟಿ, ಡಾಂಬರು ತೀರಿ, ಗಾಡಿಯ ಜಾಡೂ ತೀರಿದ ಮೇಲೆ ಹದ್ದಿನಗುಡ್ಡ ಸಿಗುತ್ತದೆ. ಸರಕಾರದ ನಕ್ಷೆಯಲ್ಲಿ ಅದು ಅರಣ್ಯ. ಅರಣ್ಯ ಅಂದ ಕೂಡಲೇ ಆನೆ, ಹುಲಿ ನೆನೆಸಿಕೊಂಡು ಬಂದವರು ಮೋಸ ಹೋಗುತ್ತಾರೆ. ಇಲ್ಲಿರುವುದು ಬಂಡೆ. ಬಂಡೆಯ ಸಂದಿಯಲ್ಲಿ ಸೀತಾಫಲ, ಹಳ್ಳದ ದಂಡೆಗೆ ಈಚಲು, ಇವೆರಡರ ನಡುವೆ ಹತ್ತಿಪ್ಪತ್ತು ಗುಡಿಸಲು. ಊರೆನ್ನಲು ಸರಕಾರ ಒಪ್ಪುವುದಿಲ್ಲ, ಹಾಗಾಗಿ ಅದು ದೊಡ್ಡಿ. ಅಲ್ಲಿ ಇರುವವರನ್ನು ಕೆಳಗಿನ ಊರಿನವರು ಗುಡ್ಡದವರು ಎನ್ನುತ್ತಾರೆ. ಜಾತಿ ಪ್ರಮಾಣಪತ್ರ ಪರಿಶಿಷ್ಟ ಪಂಗಡ ಎನ್ನುತ್ತದೆ. ಎಲ್ಲಾದರೂ ಕೋಳಿ ಕಳುವಾದರೆ ಮಾತ್ರ ಪೊಲೀಸರು ಅವರನ್ನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ.

ಹುಲಿಗೆಮ್ಮನ ಹಿರಿಯ ಮಗಳು ಮಾನಮ್ಮ. ಗಂಡನಿಲ್ಲ. ಅವಳ ಅಂಗೈ ನೋಡಿದರೆ ಈಚಲ ಗರಿ ಏನೇನು ಮಾಡಬಲ್ಲದು ಎಂದು ಗೊತ್ತಾಗುತ್ತದೆ. ಗರಿಯ ತುದಿ ಸೂಜಿ. ಅದನ್ನು ಕೊಯ್ದು, ಸೀಳಿ, ಬಿಗಿದು ಕಸಬರಿಗೆ ಕಟ್ಟಿ ಕಟ್ಟಿ ಅವಳ ಬೆರಳ ತುದಿಗಳಿಗೆ ಈಗ ಬಿಸಿಯೂ ತಾಗುವುದಿಲ್ಲ, ತಂಪೂ ತಾಗುವುದಿಲ್ಲ. ಸೀತಾಫಲದ ಬುಟ್ಟಿ ಹೊತ್ತು ನೆತ್ತಿಯ ಮೇಲೆ ರೊಟ್ಟಿಯಗಲ ಕೂದಲಿಲ್ಲ. ಬುಟ್ಟಿ ಹೊತ್ತು ಗುಡ್ಡ ಇಳಿದರೆ ಕೆಳಗೆ ಗಾರ್ಡು ನಿಂತಿರುತ್ತಾನೆ. ಅರಣ್ಯದ ಹಣ್ಣು ಕದ್ದದ್ದಕ್ಕೆ ಕೇಸು ಹಾಕುತ್ತೇನೆ ಎನ್ನುತ್ತಾನೆ. ಬುಟ್ಟಿಯಲ್ಲಿ ಕೈಯಾಡಿಸಿ ಕಣ್ಣು ಬಿಟ್ಟ ದಪ್ಪ ಹಣ್ಣುಗಳನ್ನೇ ಆರಿಸಿಕೊಳ್ಳುತ್ತಾನೆ. ಅವನು ಆರಿಸಿದ ಮೇಲೆ ಉಳಿದದ್ದು ಕಳವಿನ ಮಾಲಲ್ಲ. ಅದು ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಮಾರಬಹುದಾದ ಮಾಲು.

ಹೀಗಿರುವಾಗ ರಾಯಚೂರಿನಿಂದ ವಕೀಲೆ ಶಶಿಕಲಾ ಗುಡ್ಡ ಹತ್ತಿ ಬಂದಳು. ಅವಳೂ ಕೂಲಿಯವರ ಮಗಳು. ಓದಿ ಕರಿಕೋಟು ಹಾಕಿಕೊಂಡವಳು. "ಕಾಡಿನಾಗ ಇರೋ ಮಂದಿಗೆ ಹಕ್ಕು ಕೊಡಬೇಕಂತ ಕಾನೂನೇ ಅದ. ಎರಡು ಸಾವಿರದ ಐದರಕಿಂತ ಮೊದಲಿಂದ ಇದ್ದೀರಿ ಅಂತ ತೋರಿಸಿದ್ರ ಸಾಕು, ಗುಡ್ಡ ನಿಮ್ದು," ಎಂದಳು. ದೊಡ್ಡಿಯ ಹಿರಿಯ ಮುದುಕಪ್ಪ ನಕ್ಕುಬಿಟ್ಟ. "ಗುಡ್ಡ ನಮ್ದಲ್ಲಂತ ಯಾವಾಗ ಆಗಿತ್ತವಾ?" ಎಂದ. ಆದರೂ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಅರ್ಜಿ ಹೋಯಿತು. ಉದಯಕುಮಾರ ಸಾಹೇಬರು ಬಂದರು.

ಸಾಹೇಬರು ಬಂಡೆಗೊಮ್ಮೆ ಕೂತು, ಬಂಡೆಗೊಮ್ಮೆ ನೀರು ಕುಡಿದು ಮೇಲೆ ಹತ್ತಿದರು. ಜೀಪಿನ ಡ್ರೈವರ್ ಖಾಜಾಮಿಯಾ ಅವರ ಚೀಲ ಹೊತ್ತಿದ್ದ.

"ಎಲ್ಲಿ ನಿಮ್ಮ ಹಳೇ ಮನಿ?" ಎಂದರು.

"ಇವೇ ನೋಡ್ರಿ ಸಾಹೇಬ್ರ," ಎಂದಳು ಮಾನಮ್ಮ.

"ಇವೆಲ್ಲ ಮೊನ್ನಿ ಕಟ್ಟಿದಂಗ ಅದಾವಲ್ಲ. ಈ ಗುಡಿಸಲು ಯಾವಾಗಿಂದು?"

"ನನ್ನ ತಮ್ಮ ಕೊರೋನಾದಾಗ ಸತ್ತನಲ್ರಿ, ಆವಾಗ ಕಟ್ಟಿದ್ದು."

"ಅದು?"

"ಮುದುಕಪ್ಪನ ಸೊಸಿ ಹೆರಿಗ್ಯಾಗ ಹೋದ್ಲು. ಅದಾದ ಮ್ಯಾಲ."

"ಅಂದ್ರ ನೀವು ಕೊರೋನಾ ಟೈಮಿನಾಗ ಇಲ್ಲಿಗೆ ಬಂದೀರಿ," ಎಂದು ಸಾಹೇಬರು ಬರೆದುಕೊಂಡರು.

ಅವಳು ಸತ್ತವರ ಲೆಕ್ಕ ಹೇಳುತ್ತಿದ್ದಳು. ಸಾಹೇಬರು ಬಂದವರ ಲೆಕ್ಕ ಬರೆಯುತ್ತಿದ್ದರು. ಗುಡ್ಡದವರ ರೀತಿ ಅದು: ಯಾವ ಮನೆಯಲ್ಲಿ ಸಾವಾಯಿತೋ ಆ ಮನೆಯನ್ನು ಅಂದೇ ಹೊತ್ತು ಮುಳುಗುವುದರೊಳಗೆ ಬಿಚ್ಚಬೇಕು. ಹುಲ್ಲು ಸುಡಬೇಕು, ತಟ್ಟಿ ಕೆಡವಬೇಕು, ಒಲೆಯ ಮೂರು ಕಲ್ಲು ಮಾತ್ರ ಅಲ್ಲೇ ಬಿಡಬೇಕು. ಸತ್ತವರು ತಿರುಗಿ ಬಂದರೆ ಕೂತು ಬೆಂಕಿ ಕಾಯಿಸಿಕೊಳ್ಳಲು ಒಲೆಯಿರುತ್ತದೆ, ಒಳಗೆ ಹೋಗಲು ಬಾಗಿಲಿರುವುದಿಲ್ಲ, ಎದ್ದು ಹೋಗುತ್ತಾರೆ. ಉಳಿದವರು ಅದೇ ಗುಡ್ಡದಲ್ಲಿ ಬೇರೆ ಕಡೆ ಕಟ್ಟಿಕೊಳ್ಳುತ್ತಾರೆ. ಹೀಗೆ ಕಟ್ಟುತ್ತ ಬಿಚ್ಚುತ್ತ ಗುಡ್ಡದ ತುಂಬ ಅವರು ಒಲೆ ಹೂಡಿದ್ದಾರೆ. ಮಾನಮ್ಮ ಅದನ್ನೂ ತೋರಿಸಿದಳು. ಸಾಹೇಬರು ಸುಸ್ತಾಗಿ ಕೂತದ್ದೇ ಅವಳ ಮುತ್ತಜ್ಜಿಯ ಒಲೆಯ ಕಲ್ಲಿನ ಮೇಲೆ.

"ಕಲ್ಲು ಗುಡ್ಡದಾಗ ಇರದ ಮತ್ತೆಲ್ಲಿ ಇರ್ತಾವವಾ?" ಎಂದು ಸಾಹೇಬರು ಇನ್ನೂ ಆರಾಮಾಗಿ ಕೂತರು. "ಹೋಗಲಿ, ಸತ್ತೋರ ಗೋರಿ ತೋರ್ಸು."

"ಗುರ್ತು ಇಡಂಗಿಲ್ರಿ. ಮ್ಯಾಲ ಕಲ್ಲಿಟ್ರ ಸತ್ತೋರಿಗೆ ಭಾರ ಆಗ್ತದ."

"ಅಂದ್ರ ಇಲ್ಲಿ ಯಾರೂ ಸತ್ತೂ ಇಲ್ಲ," ಎಂದು ಅದನ್ನೂ ಬರೆದುಕೊಂಡರು.

ಗುಡ್ಡದ ತುದಿಗೆ ಒಂದೇ ಒಂದು ಹಳೆಯ ಗುಡಿಸಲಿತ್ತು. ಹುಲಿಗೆಮ್ಮನದು. ಅವಳ ಗಂಡ ಸತ್ತಾಗ ಮಾನಮ್ಮನ ಮಗಳು ತೊಟ್ಟಿಲಲ್ಲಿದ್ದಳು. ಆಗ ಕಟ್ಟಿದ ಗುಡಿಸಲು. ಆ ಮಗಳೀಗ ಮಾನ್ವಿ ಕಡೆ ಲಗ್ನವಾಗಿ ಮಕ್ಕಳ ತಾಯಿಯಾಗಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ಸಾವು ದೊಡ್ಡಿಯ ಮನೆಮನೆಗೂ ಬಂದು ಹೋಗಿತ್ತು. ಹುಲಿಗೆಮ್ಮನ ಬಾಗಿಲಿಗೆ ಬಂದು ಅವಳ ಬಾಯಿಗೆ ಹೆದರಿಯೋ ಏನೋ ಹಿಂದೆ ಸರಿದಿತ್ತು. ಮುದುಕಿ ಹೊಸ್ತಿಲಲ್ಲಿ ಕೂತು ಎಲೆ-ಅಡಿಕೆ ಕುಟ್ಟುತ್ತಿದ್ದಳು.

"ಯಾರಪಾ ನೀನು? ಓಟು ಕೇಳಾಕ ಬಂದೀಯೇನು?"

"ಅಲ್ಲವಾ, ಸರಕಾರದಿಂದ ಬಂದೀನಿ. ವಯಸ್ಸೆಷ್ಟು ನಿಂದು?"

"ನಿಮ್ಮಪ್ಪ ಚಡ್ಡಿ ಇಲ್ದ ಓಡ್ಯಾಡಾಕತ್ತಿದ್ದಾಗ ನಾ ಬುಟ್ಟಿ ಹೊತ್ತು ರಾಯಚೂರಿಗೆ ಹೋಗಾಕತ್ತಿದ್ದೆ. ಲೆಕ್ಕ ಹಾಕ್ಕೋ. ಸಾಲಿ ಕಲ್ತಾಂವ ನೀನು."

ಖಾಜಾಮಿಯಾ ನಗು ತಡೆಯಲಾರದೆ ಆ ಕಡೆ ಮುಖ ತಿರುಗಿಸಿದ. ಸಾಹೇಬರು ಗುಡಿಸಲಿನ ಕಂಬ ಮುಟ್ಟಿ ನೋಡಿದರು. ಕೈ ತಾಗಿ ತಾಗಿ ಕಂಬ ನುಣ್ಣಗಾಗಿತ್ತು. "ಇದು ಹಳೇದು. ಇದು ನಡೀತದ. ಆದ್ರ ನಾ ಒಬ್ಬನೇ ನೋಡಿದ್ರ ಆಗಂಗಿಲ್ಲ. ಇನ್ನೊಮ್ಮೆ ಜಂಟಿ ತಪಾಸಣಿ ಆಗಬೇಕು, ಫೋಟೋ ಆಗಬೇಕು. ಅಲ್ಲೀತನಕ ಈ ಗುಡಿಸಲು ಹಿಂಗೇ ಇರಬೇಕು. ಒಂದು ಕಡ್ಡಿ ಅಲ್ಲಾಡಬಾರದು. ಮುದುಕೀನೂ ಇದರಾಗೇ ಇರಬೇಕು."

ಮುದುಕಪ್ಪ ತಲೆ ಕೆರೆದುಕೊಂಡ. "ಅಷ್ಟರಾಗ ಏನರ ಆದ್ರ, ಬಿಚ್ಚಬೇಕಾಗ್ತದ್ರಿ ಸಾಹೇಬ್ರ."

"ಹಂಗಾದ್ರ ಮುದುಕಿ ಸಾಯಬಾರದು ನೋಡ್ರಿ!" ಎಂದು ಸಾಹೇಬರು ನಕ್ಕರು. ತಾವು ಹೇಳಿದ್ದು ತಮಗೇ ಹಿಡಿಸಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಇಳಿದು ಹೋದರು.

ಅಲ್ಲಿಂದ ಹುಲಿಗೆಮ್ಮನ ದರ್ಬಾರು ಶುರುವಾಯಿತು. ಅಲ್ಲಿಯವರೆಗೆ ದೊಡ್ಡಿಯಲ್ಲಿ ಯಾರಿಗೂ ಬೇಡವಾದ ಮುದುಕಿ. ಬೈಗುಳ ಬಿಟ್ಟರೆ ಬಾಯಲ್ಲಿ ಬೇರೆ ಮಾತಿಲ್ಲ. ಈಗ ಯಾರ ಮನೆಯಲ್ಲಿ ಸಾರು ಕುದ್ದರೂ ಮೊದಲ ಬಟ್ಟಲು ಅವಳಿಗೆ. ರಾಯಚೂರಿಗೆ ಹೋದವರು ಅವಳಿಗೆ ಮಂಡಾಳ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರಬೇಕು. ಬಜ್ಜಿ ತಣ್ಣಗಾಗಿದ್ದರೆ ತಂದವರ ಮೂರು ತಲೆಮಾರು ತೊಳೆಯುತ್ತಿದ್ದಳು. ಅವಳು ಕೆಮ್ಮಿದರೆ ದೊಡ್ಡಿ ಎದ್ದು ನಿಲ್ಲುತ್ತಿತ್ತು.

"ಯವ್ವಾ, ಬಜ್ಜಿ ಸಾಕು ಮಾಡ ಬೇ. ಹೊಟ್ಟಿ ಕೆಡ್ತದ," ಎಂದು ಮಾನಮ್ಮ ಬೇಡಿಕೊಂಡರೆ, "ಸುಮ್ಮನಿರು. ನಾ ಈಗ ಸರಕಾರದ ಸಾಮಾನು. ಹೊಟ್ಟಿ ಕೆಟ್ರ ಸರಕಾರದ್ದು ಕೆಡ್ತದ," ಎನ್ನುತ್ತಿದ್ದಳು.

ನಗೆಯಾಡುತ್ತಿದ್ದಳು. ಆದರೆ ಮಾನಮ್ಮ ಕಂಡಿದ್ದಳು, ಯಾರೂ ಇಲ್ಲದಾಗ ಮುದುಕಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಒಮ್ಮೆ ಕೇಳಿದ್ದಕ್ಕೆ, "ದಣಿದೀನಿ ಬೇ. ಎಲ್ಲಾರೂ ಹೋದ್ರು. ನನಗೂ ಹೋಗಬೇಕಂತ ಅದ. ಈ ಅರ್ಜಿ ಹಾಕಿ ಕುಂತೀರಲ್ಲ," ಎಂದಿದ್ದಳು. ಸಾಯುವುದಕ್ಕೂ ತಾಯಿ ಮಕ್ಕಳನ್ನು ಕೇಳಬೇಕಾಯಿತಲ್ಲ ಎಂದು ಮಾನಮ್ಮನಿಗೆ ನಾಚಿಕೆಯಾಯಿತು.

ಬೇಸಿಗೆಯಲ್ಲಿ ಮಾನಮ್ಮ ಮಾನ್ವಿಗೆ ದುಡಿಯಲು ಹೋದಳು. ಬಸವಪ್ರಸಾದನ ರೈಸ್ ಮಿಲ್ಲು. ಸುಡುವ ಕಣದ ಮೇಲೆ ಬರಿಗಾಲಲ್ಲಿ ನಡೆಯುತ್ತ ಭತ್ತ ಒಣಗಿಸುವ ಕೆಲಸ. ಕಾಲಲ್ಲೇ ಭತ್ತ ಸೀಳುತ್ತ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಧೂಳು ಮೂಗಿನಲ್ಲಿ ಕೂತು ಸಂಜೆಗೆ ಉಗುಳಿದರೆ ಕರ್ರಗೆ. ಬಸವಪ್ರಸಾದ ಹಣೆತುಂಬ ವಿಭೂತಿ ಹಚ್ಚುವ ಮನುಷ್ಯ. ಕಾಯಕ, ದಾಸೋಹ ಎಂದು ಮೈಕಿನಲ್ಲಿ ಚೆನ್ನಾಗಿ ಮಾತಾಡುತ್ತಾನೆ. ಮಿಲ್ಲಿನ ಒಳಗಿನವರಿಗೆ ಸ್ಟೀಲಿನ ಲೋಟದಲ್ಲಿ ಚಹಾ, ಗುಡ್ಡದವರಿಗೆ ಹೊರಗೆ ಕಾಗದದ ಲೋಟದಲ್ಲಿ. ಕೇಳಿದರೆ ಅದು ಸ್ವಚ್ಛತೆ.

ಅವನು ಹದ್ದಿನಗುಡ್ಡದ ಮೇಲೆ ಕಣ್ಣಿಟ್ಟಿದ್ದ. ಬಂಡೆ ಒಡೆದು ಜಲ್ಲಿ ಮಾಡುವ ಕ್ರಷರ್ ಹಾಕಲು ಅವನದೂ ಒಂದು ಅರ್ಜಿ ಓಡಾಡುತ್ತಿತ್ತು. ಆ ಅರ್ಜಿಗೆ ಹಳೆಯ ಮನೆ ತೋರಿಸು ಎಂದು ಯಾರೂ ಕೇಳಲಿಲ್ಲ. ಸತ್ತ ಅಜ್ಜನ ಗೋರಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವನು ಗುಡ್ಡ ಹತ್ತಿದವನೂ ಅಲ್ಲ. ಕಾರಿನಲ್ಲಿ ಕೂತು ಕೆಳಗಿನಿಂದ ನೋಡಿದ್ದ, ಅಷ್ಟಕ್ಕೇ ಅವನ ಅರ್ಜಿ ಗಟ್ಟಿಯಾಗಿತ್ತು.

"ಏನ್ ಮಾನಮ್ಮ, ನಿಮ್ಮವ್ವ ಆರಾಮ ಅದಾಳೇನು?" ಎಂದು ದಿನಾ ಕೇಳುತ್ತಿದ್ದ. ಕೆಲಸದವರ ಮಕ್ಕಳಿಗೆ ಜ್ವರ ಬಂದು ಅವರು ರಜೆ ಕೇಳಿದರೆ ಕೂಲಿ ಮುರಿಯುವ ಮನುಷ್ಯ ಮುದುಕಿಯ ಆರೋಗ್ಯ ಕೇಳುತ್ತಿದ್ದ.

"ಕಲ್ಲುಗುಂಡಿನಂಗ ಅದಾಳ್ರಿ," ಎನ್ನುತ್ತಿದ್ದಳು ಮಾನಮ್ಮ.

"ವಯಸ್ಸಾದೋರು. ಯಾವ ಹೊತ್ತಿಗೆ ಏನೋ. ಗುಡ್ಡ ಅಂತ ಯಾಕ ಒದ್ದಾಡ್ತೀರಿ? ನಮ್ಮ ಮಿಲ್ಲಿನ ಹಿಂದ ಶೆಡ್ ಅದ. ಬಂದು ಇರ್ರಿ. ಎಲ್ಲಾರಿಗೂ ಕೆಲಸ ಕೊಡ್ತೀನಿ."

"ನಾವು ಶೆಡ್ಡಿಗೆ ಬಂದ್ರ ನೀವು ಗುಡ್ಡಕ್ಕ ಹೋಗ್ತೀರೇನ್ರಿ?" ಎಂದು ಕೇಳಿದಳು ಮಾನಮ್ಮ. ಮರುದಿನ ಅವಳಿಗೆ ಕೆಲಸವಿರಲಿಲ್ಲ.

ಜಂಟಿ ತಪಾಸಣೆ ಇಂದು ಬಂತು, ನಾಳೆ ಬಂತು. ಒಮ್ಮೆ ಸಾಹೇಬರಿಗೆ ತರಬೇತಿ. ಒಮ್ಮೆ ಜೀಪಿಗೆ ಡೀಸೆಲ್ಲಿಲ್ಲ. ಒಮ್ಮೆ ಯಾರೋ ಮಂತ್ರಿ ಬರುವುದಿತ್ತು, ಒಮ್ಮೆ ಬರಬೇಕಾದ ಮಂತ್ರಿ ಬರಲಿಲ್ಲವೆಂದು. ಪ್ರತಿ ಸಲವೂ ಫೋನು ಬರುತ್ತಿತ್ತು, ದೊಡ್ಡಿಯ ಮಂದಿ ಕೂಲಿ ಬಿಟ್ಟು ಮುದುಕಿಗೆ ತಲೆ ಬಾಚಿ ಕೂರಿಸುತ್ತಿದ್ದರು, ಸಂಜೆಯವರೆಗೆ ಕಾದು ಏಳುತ್ತಿದ್ದರು.

ಕಾರಹುಣ್ಣಿಮೆಗೆ ಮುಂಚೆ ಗುಡಿಸಲಿಗೆ ಹೊಸ ಹುಲ್ಲು ಹೊದಿಸುವುದು ರೂಢಿ. ಮಾನಮ್ಮ ಹುಲ್ಲು ಕೊಯ್ದು ಹೊರೆ ಕಟ್ಟಿ ಇಟ್ಟಿದ್ದಳು. ಮುಟ್ಟುವ ಮುಂಚೆ ಕೇಳಿಬಿಡೋಣ ಎಂದು ದೇವದುರ್ಗದ ಕಚೇರಿಗೆ ಹೋದಳು. ಇದೇ ಅವಳು ಮಾಡಿದ ತಪ್ಪು. ಸರಕಾರವನ್ನು ಕೇಳಿ ಮನೆ ಹೊದಿಸಲು ಹೋಗುವವರು ಗುಡ್ಡದವರು ಮಾತ್ರ. ಆ ಕಚೇರಿ ಯಾವುದೆಂದು ನಾನು ಹೇಳುವುದಿಲ್ಲ. ಯಾವುದಾದರೇನು, ಹೊರಗೆ ಕಾಯಿಸುವ ಬೆಂಚು ಎಲ್ಲ ಕಡೆಯೂ ಒಂದೇ.

ಉದಯಕುಮಾರ ಸಾಹೇಬರು ತಲೆಯೆತ್ತದೆ ಹೇಳಿದರು. "ಹೊಸ ಹುಲ್ಲು ಹಾಕಿದ್ರ ಹೊಸ ಮನಿ ಆಗ್ತದ."

"ಸೋರ್ತದ್ರಿ. ಮುದುಕಿ ಜೀವ."

"ಸೋರಲಿ. ಸೋರಿದ್ರ ಹಳೇದು ಅಂತ ಗೊತ್ತಾಗ್ತದ."

"ಪ್ಲಾಸ್ಟಿಕ್ ತಾಡಪತ್ರಿ ಹಾಕ್ಲೇನ್ರಿ?"

"ತಾಡಪತ್ರಿ ಹಾಕಿದ್ರ ಅದು ತಾತ್ಕಾಲಿಕ ಶೆಡ್. ಶೆಡ್ಡಿಗೆ ಹಕ್ಕಿಲ್ಲ."

ಮಾನಮ್ಮ ಅಲ್ಲಿಂದ ರಾಯಚೂರಿಗೆ ಬಸ್ಸು ಹತ್ತಿದಳು. ಶಶಿಕಲಾಳಿಗೆ ಸಿಟ್ಟು ಬಂತು. ಮನೆ ಹಳೆಯದೇ ಇರಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ, ಹಿರಿಯರು ಹೇಳಿದ ಮಾತೂ ಸಾಕ್ಷಿಯೇ, ಒಲೆಯ ಕಲ್ಲೂ ಸಾಕ್ಷಿಯೇ ಎಂದಳು. ಅಲ್ಲೇ ಫೋನು ಮಾಡಿ ಸಾಹೇಬರಿಗೂ ಅದನ್ನೇ ಹೇಳಿದಳು. ಸಾಹೇಬರು ಸಿಟ್ಟಾಗಲಿಲ್ಲ. "ಅದು ಕಾನೂನು ಮೇಡಂ. ನಾ ಹೇಳಾಕತ್ತಿದ್ದು ಪದ್ಧತಿ," ಎಂದರು. ಶಶಿಕಲಾ ಮೇಲಿನವರಿಗೆ ಬರೆದಳು. ಮೇಲಿನವರು ಅದನ್ನು ಸಾಹೇಬರಿಗೇ ಕಳಿಸಿದರು.

ಮಳೆ ಹಿಡಿಯಿತು. ರಾಯಚೂರು ಸೀಮೆಯಲ್ಲಿ ಮಳೆಗಾಗಿ ಆಕಾಶ ನೋಡುವುದೇ ಹೆಚ್ಚು. ಆ ವರ್ಷ ಮಾತ್ರ ಬಿಡದೆ ಸುರಿಯಿತು. ಹುಲಿಗೆಮ್ಮನ ಗುಡಿಸಲು ಹೊಟ್ಟೆ ಹರಿದ ಚೀಲವಾಯಿತು. ಮಾನಮ್ಮ ಏನು ಮಾಡಿದಳೆಂದರೆ, ತಾಡಪತ್ರಿಯನ್ನು ಗುಡಿಸಲಿನ ಮೇಲೆ ಹಾಕಲಿಲ್ಲ, ಒಳಗೆ ತಂದಳು. ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ನಿಂತು ಮುದುಕಿಯ ಮೇಲೆ ಅದನ್ನು ಎತ್ತಿ ಹಿಡಿದರು. ಕಟ್ಟಿದರೆ ಶೆಡ್ಡು. ಕೈಯಲ್ಲಿ ಹಿಡಿದರೆ ಯಾವ ಪದ್ಧತಿಯೂ ಅಡ್ಡ ಬರುವುದಿಲ್ಲ. ಮಳೆ ಬಂದಾಗಲೆಲ್ಲ ಸರದಿಯ ಮೇಲೆ ಹಿಡಿದರು. ಕೈ ಸೋತು ಭುಜಕ್ಕೆ ಜೋಮು ಹಿಡಿಯುತ್ತಿತ್ತು. ನೀರು ತುಂಬಿ ತಾಡಪತ್ರಿ ಜೋಲುತ್ತಿತ್ತು. ಹಿಡಿದವರ ತಲೆಯ ಮೇಲೆ ಸೂರು ಸೋರಿ, ಕಂಕುಳಿನಿಂದ ನೀರು ಇಳಿದು, ನೆಲವೆಲ್ಲ ರಾಡಿ.

"ನಾ ರಾಣಿ ಆದೆ ನೋಡ್ರಬೇ, ಛತ್ರಿ ಹಿಡ್ಯಾಕ ನಾಕು ಮಂದಿ," ಎಂದು ಹುಲಿಗೆಮ್ಮ ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ನಿಲ್ಲಲಿಲ್ಲ. ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಮಾನಮ್ಮ ಅವಳನ್ನು ರಾಯಚೂರಿನ ದವಾಖಾನೆಗೆ ಒಯ್ಯಲು ಡೋಲಿ ಕಟ್ಟಿಸಿದಳು. ಅದೇ ಹೊತ್ತಿಗೆ ಫೋನು ಬಂತು: ನಾಳೆ ಬರುವುದು ಖರೆ, ಮುದುಕಿ ಮನೆಯಲ್ಲೇ ಇರಲಿ.

"ಒಯ್ತೀನಿ ಯವ್ವಾ. ಬಂದವರು ಬಂದು ಹೋಗಲಿ."

"ಬ್ಯಾಡ ಬೇ. ಮನಿ ಖಾಲಿ ಅದಂತ ಬರಕೋತಾನ ಆಂವ. ಒಂದ ದಿನ. ತಡೀತೀನಿ," ಎಂದಳು ಹುಲಿಗೆಮ್ಮ.

ಮಾನಮ್ಮ ಸೋತಳು. ಡೋಲಿ ಬಿಚ್ಚಿಸಿದಳು. ನಾಳೆ ಬಂತು, ಸಾಹೇಬರು ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಮಾನಮ್ಮ ಗಂಜಿ ಕುಡಿಸಲು ತಾಯಿಯ ಗದ್ದ ಹಿಡಿದಳು. ಗದ್ದ ತಣ್ಣಗಿತ್ತು.

ಯಾರೂ ಅಳಲಿಲ್ಲ. ಅಳುವ ಮುಂಚೆಯೇ ಕೆಳಗೆ ಜೀಪಿನ ಸದ್ದು ಕೇಳಿತು.

ಮುದುಕಪ್ಪ ಪಿಸುಗುಟ್ಟಿದ. "ಹೊತ್ತು ಮುಳುಗಾಕ ಇನ್ನೂ ಭಾಳ ಹೊತ್ತದ. ಮಲಗ್ಯಾಳ ಅಂತ ಹೇಳೂಣು. ಅವರು ನೋಡಿ ಹೋಗಲಿ, ಆಮ್ಯಾಲ ಬಿಚ್ಚೂಣು. ಇಷ್ಟು ದಿನ ಹಿಡಿದೀವಿ, ಇನ್ನೊಂದು ತಾಸು."

ಮಾನಮ್ಮ ಹೂಂ ಅಂದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ತಾಯಿಯ ಹೆಣಕ್ಕೆ ಕೌದಿ ಹೊದಿಸಿ, ಪಕ್ಕದಲ್ಲಿ ಗಂಜಿಯ ಬಟ್ಟಲಿಟ್ಟು, ಬಾಗಿಲಿಗೆ ಬಂದು ನಿಂತಳು.

ಸಾಹೇಬರ ಜೊತೆ ಫೋಟೋ ತೆಗೆಯುವ ಒಬ್ಬ ಹುಡುಗ, ಹಿಂದೆ ಖಾಜಾಮಿಯಾ. ಜಂಟಿ ತಪಾಸಣೆಯ ಉಳಿದವರು ಕೆಳಗೆ ಜೀಪಿನಲ್ಲೇ ಜಂಟಿಯಾಗಿ ಕೂತಿದ್ದರು. "ಮುದುಕೀನ ಹೊರಗ ಕರಿ. ಮನಿ ಮುಂದ ಕೂಡಿಸಿ ಜಿಪಿಎಸ್ ಫೋಟೋ ತಗೀಬೇಕು," ಎಂದರು ಸಾಹೇಬರು.

"ಆರಾಮಿಲ್ರಿ. ಮಲಗ್ಯಾಳ."

"ಎಬ್ಬಸು."

ಅವರೇ ಬಗ್ಗಿ ಒಳಗೆ ಹೋದರು. ಕೌದಿ ಸರಿಸಿದರು. ಮತ್ತೆ ಹೊದಿಸಿದರು. ಹೊರಬಂದು ಕೈ ಒರೆಸಿಕೊಂಡು ದನಿ ತಗ್ಗಿಸಿದರು. ಅವರ ದನಿಯಲ್ಲಿ ಮರುಕವಿತ್ತು. ಅದೇ ಎಲ್ಲಕ್ಕಿಂತ ಹೊಲಸು.

"ನೋಡವಾ, ನಾನೂ ಮನುಷ್ಯನೇ. ನಾ ಏನೂ ನೋಡಿಲ್ಲ. ಎತ್ತಿ ತಂದು ಕಂಬಕ್ಕ ಒರಗಿಸಿ ಕೂಡಸ್ರಿ. ಒಂದು ಫೋಟೋ ಹೊಡ್ಕೊಂಡು ಹೋಗ್ತೀನಿ. 'ಅರ್ಜಿದಾರರು ಸ್ಥಳದಲ್ಲಿ ಹಾಜರಿದ್ದರು' ಅಂತ ಬರೀತೀನಿ. ನಿಮ್ಮ ಕೆಲಸ ಆಗ್ತದ."

ಖಾಜಾಮಿಯಾ "ಯಾ ಅಲ್ಲಾ" ಎಂದು ಕೈಯಲ್ಲಿದ್ದ ಚೀಲ ಕೆಳಗಿಟ್ಟ.

ಮುದುಕಪ್ಪ ಮಾನಮ್ಮನ ಮುಖ ನೋಡಿದ. ಮಾನಮ್ಮ ಒಳಗೆ ಹೋದಳು. ತಾಯಿಯ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಎಷ್ಟು ಹಗುರ! ಒಂದು ಬುಟ್ಟಿ ಹಣ್ಣಿನ ಭಾರವೂ ಇರಲಿಲ್ಲ. ಸೀರೆ ಇನ್ನೂ ಒದ್ದೆಯಿತ್ತು. ತಂದು ಕಂಬಕ್ಕೆ ಒರಗಿಸಿದಳು. ತಲೆ ಎದೆಯ ಮೇಲೆ ಬಿತ್ತು.

"ಗದ್ದ ಸ್ವಲ್ಪ ಮ್ಯಾಲೆತ್ತು. ಮಾರಿ ಕಾಣವಲ್ದು," ಎಂದರು ಸಾಹೇಬರು.

ಎತ್ತಿದಳು.

"ಕೈ ಅಡ್ಡ ಬರಾಕತ್ತದ. ನಿನ್ನ ಕೈ ಕಾಣಬಾರದು. ಹಿಂದಿಂದ ಹಿಡಿ."

ಮಾನಮ್ಮ ಗದ್ದ ಬಿಟ್ಟಳು. ತಾಯಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಸೆರಗು ಸರಿಮಾಡಿ, ಎದ್ದು ನಿಂತಳು.

"ಫೋಟೋ ಬ್ಯಾಡ್ರಿ."

"ಯಾಕ? ಒಂದ ನಿಮಿಷದ ಕೆಲಸ."

"ಬದುಕಿದ್ದಾಗ ಈಕಿ ಮಾತು ನಿಮಗ ಸಾಕ್ಷಿ ಆಗಲಿಲ್ಲ. ಸತ್ತ ಮ್ಯಾಲ ಮಾರಿ ಸಾಕ್ಷಿ ಆಗ್ತದೇನು?"

"ನಿಮ್ಮ ಸಲುವಾಗೇ ಹೇಳಾಕತ್ತೀನಲ್ಲವಾ!"

"ನಮ್ಮ ಸಲುವಾಗೇ ಈಕೀನ ಮಳ್ಯಾಗ ಹಾಕಿದ್ವಿ. ನಿಮ್ಮ ಮಾತು ಕೇಳಿ ನಾನೇ ಹಾಕೀನಿ. ನನ್ನ ಕೈಲೇ ಕೊಂದಂಗ ಆತು. ಇನ್ನ ಸಾಕು. ಸರೀರಿ."

ಅವಳು ಗುಡಿಸಲಿನ ಸೂರಿಗೆ ಕೈ ಹಾಕಿ ಎಳೆದಳು. ಕೊಳೆತ ಹುಲ್ಲು ಹಿಡಿಹಿಡಿಯಾಗಿ ಬಂತು. ಒಂದು ಕಡ್ಡಿ ಅಲ್ಲಾಡಬಾರದೆಂದು ಕಾದ ಸೂರು ಅದು. ಸಾಹೇಬರು ಹೌಹಾರಿದರು. "ಏ, ಹುಚ್ಚು ಹಿಡದದೇನು? ನಿನ್ನ ಕೇಸು ನೀನೇ ಕೆಡಿಸಾಕತ್ತೀಯಲ್ಲ! ಇದೊಂದೇ ಪುರಾವೆ!" ಎಂದು ಅವಳ ರಟ್ಟೆ ಹಿಡಿಯಲು ಬಂದರು. ಮಾನಮ್ಮ ಒಮ್ಮೆ ತಿರುಗಿ ನೋಡಿದಳು. ಸಾಹೇಬರ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಆಮೇಲೆ ದೊಡ್ಡಿಯೇ ಕೈ ಹಾಕಿತು. ಮುದುಕಪ್ಪ ತಟ್ಟಿ ಕೆಡವಿದ. ತಾಡಪತ್ರಿ ಹಿಡಿದು ಭುಜ ಬಾತ ಹೆಂಗಸರು ಗಳ ಕಿತ್ತರು. ಖಾಜಾಮಿಯಾ ತಲೆಗೆ ಕರವಸ್ತ್ರ ಕಟ್ಟಿಕೊಂಡು ಗುಂಡಿ ತೋಡಲು ನಿಂತ. "ಏ ಖಾಜಾ, ಗಾಡಿ ತಗೀ!" ಎಂದು ಸಾಹೇಬರು ಕೂಗಿದರೆ, "ಮಣ್ಣು ಕೊಟ್ಟು ಬರ್ತೀನ್ರಿ ಸಾಬ್. ಅರ್ಜಂಟ್ ಇದ್ರ ನಡದು ಹೋಗ್ರಿ," ಎಂದ. ಸಾಹೇಬರು ನಡೆದೇ ಇಳಿದರು, ಕೆಳಗೆ ಯಾರದೋ ಮೋಟರ್ ಸೈಕಲ್ ಹಿಡಿದು ಹೋದರು.

ಹುಲಿಗೆಮ್ಮನನ್ನು ಹುಗಿದರು. ನೆಲ ಸಮ ಮಾಡಿದರು. ಗುರುತು ಇಡಲಿಲ್ಲ. ಈಗ ಎಲ್ಲರೂ ಅತ್ತರು. ಮಾನಮ್ಮ ಬಾಯಿಗೆ ಸೆರಗು ಒತ್ತಿಕೊಳ್ಳದೆ, ಗುಡ್ಡ ಕೇಳುವಂತೆ ಅತ್ತಳು.

ಉಳಿದದ್ದು ನಡುಗಂಬ. ಬಿಚ್ಚಿದ ಮನೆಯ ನಡುಗಂಬವನ್ನು ಸತ್ತವರ ಹಿರಿಯ ಮಗಳು ಹೆಗಲಿಗೆ ಹೊರಬೇಕು. ಹಿಂದಿನಿಂದ ಉಳಿದವರು ಭುಜ ಕೊಡಬಹುದು. ಎಲ್ಲಿಗೆ ಎಂದು ಕೇಳಕೂಡದು, ನಿಲ್ಲು ಎನ್ನಕೂಡದು. ಅವಳು ಎಲ್ಲಿ ಇಳಿಸುತ್ತಾಳೋ ಅಲ್ಲಿ ಹೊಸ ಮನೆ. ಎಲ್ಲರೂ ಒಂದು ಕೂಗಳತೆಯೊಳಗೆ ಇಳಿಸುತ್ತಾರೆ. ಕಂಬ ಭಾರ, ದುಃಖ ಅದಕ್ಕಿಂತ ಭಾರ.

ಮಾನಮ್ಮ ಕಂಬ ಹೊತ್ತು ನಡೆದಳು. ಸಮತಟ್ಟಾದ ಜಾಗ ಬಂತು, ನಿಲ್ಲಲಿಲ್ಲ. ಹುಣಸೆಯ ನೆರಳು ಬಂತು, ನಿಲ್ಲಲಿಲ್ಲ. ಗುಡ್ಡ ಇಳಿದಳು. ಗಾರ್ಡು ನಿಲ್ಲುವ ಜಾಗ ದಾಟಿದಳು. ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿದರು, ಕೇಳುವ ಹಾಗಿರಲಿಲ್ಲ. ಮಸರಕಲ್ಲಿನ ಡಾಂಬರು ಬಂತು. ಮಾನಮ್ಮ ದೇವದುರ್ಗದ ಕಡೆ ತಿರುಗಿದಳು. ಆಗ ಮುದುಕಪ್ಪನಿಗೆ ಹೊಳೆಯಿತು. "ಭುಜ ಕೊಡ್ರೋ," ಎಂದು ಕೂಗಿದ. ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಇಡೀ ದೊಡ್ಡಿ ಹಿಂದೆ ಬಿತ್ತು. ಬಸ್ಸಿನವರು ಇಣುಕಿದರು. ಹತ್ತಿ ಹೊಲದಲ್ಲಿದ್ದವರು ಎದ್ದು ನಿಂತು ಇದೇನು ಜಾತ್ರೆ ಎಂದರು. ಹಿಂದೆ ಭುಜ ಬದಲಾದವು, ಮುಂದಿನ ಭುಜ ಮಾನಮ್ಮನದೇ. ತೊಗಲು ಸುಲಿದು ಕುಪ್ಪಸಕ್ಕೆ ರಕ್ತ ಹತ್ತಿತು. ಅವಳು ಕಂಬ ಇಳಿಸಲಿಲ್ಲ.

ಕಚೇರಿ ಮುಚ್ಚುವ ಹೊತ್ತಾಗಿತ್ತು. ಅಂಗಳದಲ್ಲಿ ಬಸವಪ್ರಸಾದನ ಕಾರು ನಿಂತಿತ್ತು. ಮುದುಕಿ ಸತ್ತ ಸುದ್ದಿ ಮಾನ್ವಿಗೆ ಬೇಗ ಮುಟ್ಟಿತ್ತು. ಅವನು ಮೆಟ್ಟಿಲ ಮೇಲೆ ಉದಯಕುಮಾರ ಸಾಹೇಬರ ಜೊತೆ ನಗುತ್ತ ನಿಂತಿದ್ದ. ಗೇಟಿನಲ್ಲಿ ಮಂದಿ ಕಂಡು ನಗು ಅರ್ಧಕ್ಕೇ ನಿಂತಿತು.

ಮಾನಮ್ಮ ಮೆಟ್ಟಿಲಿನ ಎದುರಿಗೆ ಬಂದು ಕಂಬ ಇಳಿಸಿದಳು. ಮುದುಕಪ್ಪ ಹಾರೆಯಿಂದ ಕುಣಿ ತೋಡಲು ಶುರುಮಾಡಿದ. ಹೆಂಗಸರು ಕಾಂಪೌಂಡಿನ ಮೂಲೆಯಿಂದ ಮೂರು ಕಲ್ಲು ತಂದರು.

"ಏಯ್! ಇದು ಸರಕಾರಿ ಜಾಗ!" ಎಂದು ಸಾಹೇಬರು ಕೂಗಿದರು. "ಪೊಲೀಸರನ್ನ ಕರಸ್ತೀನಿ!"

"ಕರಸ್ರಿ. ನಮ್ಮ ಹೆಸರು ಅವರಿಗೆ ಗೊತ್ತದಾವ," ಎಂದಳು ಮಾನಮ್ಮ. ಭುಜಕ್ಕೆ ಸೆರಗು ಒತ್ತಿಕೊಂಡು ಕಂಬವನ್ನು ಕುಣಿಯಲ್ಲಿ ನೆಟ್ಟಗೆ ಹಿಡಿದಳು. ಮಂದಿ ಮಣ್ಣು ತುಂಬಿದರು.

ಬಸವಪ್ರಸಾದ ಕೈಮುಗಿದು ಮುಂದೆ ಬಂದ. "ಮಾನಮ್ಮ, ದುಃಖದಾಗ ಅದೀ. ತಿಳೀತದ. ಒಂದು ದಿನ, ಎರಡು ದಿನ ಕೂಡ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಆಮ್ಯಾಲ ಯಾವಾಗ ತಗೀತೀರಿ ಇದನ್ನ?"

ಮಾನಮ್ಮ ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡಿದಳು. ಕಂಬ ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ.

"ನಮ್ಮ ಪದ್ಧತಿ ಸಾಹೇಬ್ರಿಗೆ ಗೊತ್ತದ, ಕೇಳ್ರಿ," ಎಂದಳು. "ಒಳಗ ಒಬ್ಬರು ಸಾಯೋತನಕ ನಾವು ಮನಿ ಬಿಚ್ಚಂಗಿಲ್ಲ."